ಎಡ್ಗರ್ ಅಲನ್ ಪೋ: ದುಃಖದಿಂದ ಕತೆ ಬಂತಾ, ಕತೆಯಿಂದ ದುಃಖ ಬಂತಾ?

ಪ್ರಶ್ನೆ: ಈ ವರ್ಷ ಕಾಲೇಜಿನಲ್ಲಿ ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಕತೆಗಳನ್ನು ಓದುತ್ತಿದ್ದೇವೆ. ಚಿಕ್ಕಂದಿನಲ್ಲೇ ತಾಯಿ ಸತ್ತಳು, ಹೆಂಡತಿ ಕ್ಷಯದಿಂದ ಸತ್ತಳು, ಮೇಲೆ ಕುಡಿತ, ಅಫೀಮು, ಅರೆಹುಚ್ಚು. ಅದಕ್ಕೇ ಇಂಥ ಭಯಾನಕ ಕತೆ ಬರೆದ ಅಂತ ನೋಟ್ಸ್‌ನಲ್ಲೆಲ್ಲ ಇದೆ. ನಿಜವಾಗಿ ಅಷ್ಟೇನಾ? ಪರೀಕ್ಷೆಗೆ ಹೀಗೇ ಬರೆದರೆ ಸಾಕಾ?

ಉತ್ತರ: ಪರೀಕ್ಷೆಗೆ ಸಾಕು. ಮಾರ್ಕ್ಸೂ ಬರುತ್ತದೆ. ಆದರೆ ನೀವು ‘ಅಷ್ಟೇನಾ’ ಅಂತ ಕೇಳಿದ್ದೀರಲ್ಲ, ಆ ಅನುಮಾನ ಸರಿಯಾಗಿಯೇ ಇದೆ. ಅದನ್ನು ಬಿಡಬೇಡಿ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಒಂದು ಹಾಳೆಯ ಎಡಗಡೆ ಕತೆಗಳು ಪ್ರಕಟವಾದ ವರ್ಷ ಬರೆದುಕೊಳ್ಳಿ. ಬಲಗಡೆ ಪೋ ಬದುಕಿನ ಘಟನೆಗಳನ್ನು ಬರೆಯಿರಿ. ಆಮೇಲೆ ತಾಳೆ ಹಾಕಿ ನೋಡಿ.

‘ಬೆರೆನಿಸ್’ ಬಂದದ್ದು 1835ರ ಮಾರ್ಚಿನಲ್ಲಿ. ಕಾಯಿಲೆಯಿಂದ ಸೊರಗುವ ಸೋದರಸಂಬಂಧಿ ಹುಡುಗಿ, ಅವಳನ್ನು ಮದುವೆಯಾಗಬೇಕಾದ ಹುಡುಗ. ಅವಳು ಸತ್ತಳೆಂದು ಹೂಳುತ್ತಾರೆ. ಅವಳಿನ್ನೂ ಬದುಕಿದ್ದಾಳೆ. ಇವನು ಮೈಮೇಲೆ ಎಚ್ಚರವಿಲ್ಲದೆ ಗೋರಿ ಅಗೆದು ಅವಳ 32 ಹಲ್ಲುಗಳನ್ನೂ ಕಿತ್ತು ತಂದಿದ್ದಾನೆ. ಅದೇ ವರ್ಷದ ‘ಮೊರೆಲ್ಲಾ’ದಲ್ಲಿ ಸತ್ತ ಹೆಂಡತಿ ಮಗಳ ಮೈಯಲ್ಲಿ ಮರಳುತ್ತಾಳೆ. 1838ರ ‘ಲೈಜಿಯಾ’ದಲ್ಲಿ ಸತ್ತ ಮೊದಲ ಹೆಂಡತಿ ಎರಡನೆಯವಳ ಹೆಣದಿಂದ ಎದ್ದು ನಿಲ್ಲುತ್ತಾಳೆ. 1839ರ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್’ನಲ್ಲಿ ತಂಗಿಯನ್ನು ಜೀವಂತ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಯುತ್ತಾರೆ. 1841ರಲ್ಲಿ ‘ಎಲಿಯನೋರಾ’. ಒಬ್ಬ ಹುಡುಗ, ಅವನ ಸೋದರಸಂಬಂಧಿ ಹುಡುಗಿ, ಅವಳ ತಾಯಿ, ಮೂವರೇ ಒಂದು ಕಣಿವೆಯಲ್ಲಿ ಇರುತ್ತಾರೆ. ಹುಡುಗಿ ಸಾಯುತ್ತಾಳೆ. ಪೋ ಮನೆಯಲ್ಲೂ ಮೂವರೇ: ಪೋ, ಅವನ ಹೆಂಡತಿಯಾದ ಅತ್ತೆಮಗಳು ವರ್ಜೀನಿಯಾ, ಅತ್ತೆ ಮರಿಯಾ ಕ್ಲೆಮ್.

ಈಗ ಬಲಗಡೆ ನೋಡಿ. ವರ್ಜೀನಿಯಾ ಬಾಯಲ್ಲಿ ಮೊದಲ ಸಲ ರಕ್ತ ಬಂದದ್ದು 1842ರ ಜನವರಿಯಲ್ಲಿ. ಅವಳು ತೀರಿಕೊಂಡದ್ದು 1847ರ ಜನವರಿ 30ರಂದು.

ಅಂದರೆ ‘ಹೆಂಡತಿ ಸತ್ತ ದುಃಖದಲ್ಲಿ ಬರೆದ’ ಅಂತ ನಾವು ಹೇಳುವ ಕತೆಗಳಲ್ಲಿ ಹೆಸರಾದವೆಲ್ಲ ಆಕೆ ಗಟ್ಟಿಮುಟ್ಟಾಗಿ ಹಾಡಿಕೊಂಡು ಓಡಾಡುತ್ತಿದ್ದಾಗಲೇ ಬರೆದವು. ‘ಬೆರೆನಿಸ್’ ಹೊತ್ತಿಗಂತೂ ಮದುವೆಯೇ ಆಗಿರಲಿಲ್ಲ. ಮದುವೆ ಆದದ್ದು 1836ರ ಮೇ 16ರಂದು. ಅವನಿಗೆ 27, ಅವಳಿಗೆ 13 ವರ್ಷ. ನಮ್ಮಲ್ಲಿ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಅಂತ ಗಾದೆ ಇದೆಯಲ್ಲ. ಇಲ್ಲಿ ಅದಕ್ಕಿಂತ ವಿಚಿತ್ರ. ಕೊಂಬೆ ಮುರಿದು ಏಳು ವರ್ಷ ಆದ ಮೇಲೆ ಕಾಗೆ ಬಂದು ಕೂತಿದೆ.

ಹಾಗಾದರೆ ತಾಯಿ? ಅದು ಬೇರೆ ಲೆಕ್ಕ. ಪೋ ಹುಟ್ಟಿದ್ದು 1809ರ ಜನವರಿ 19ರಂದು, ಬಾಸ್ಟನ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ನಾಟಕ ಕಂಪನಿಯವರು. ಅಪ್ಪನಿಗೆ ನಟನೆ ಅಷ್ಟಕ್ಕಷ್ಟೇ, ಸ್ವಲ್ಪ ದಿನದಲ್ಲೇ ಹೆಂಡತಿ ಮಕ್ಕಳನ್ನು ಬಿಟ್ಟು ಹೋದ. ಅಮ್ಮ ಎಲಿಜಬೆತ್ ಮಾತ್ರ ಒಳ್ಳೆಯ ನಟಿ. ಊರಿಂದ ಊರಿಗೆ ಕಂಪನಿ ಜೊತೆ ತಿರುಗುತ್ತಾ ಮಕ್ಕಳನ್ನು ಸಾಕಿದಳು. 1811ರ ಕೊನೆಗೆ ರಿಚ್ಮಂಡ್ ಊರಲ್ಲಿ ಕಾಯಿಲೆ ಬಿದ್ದಳು. ನಮ್ಮ ಕಂಪನಿ ನಾಟಕದವರು ಬೆನಿಫಿಟ್ ಷೋ ಇಡುತ್ತಾರಲ್ಲ, ಹಾಗೆ ನವೆಂಬರ್ 29ರಂದು ಅವಳಿಗಾಗಿ ಒಂದು ಷೋ ಇಟ್ಟರು. ಆ ದಿನದ ಪೇಪರಿನಲ್ಲಿ ಬಂದ ಪ್ರಕಟಣೆ ಇನ್ನೂ ಉಳಿದಿದೆ. ‘ಕಾಯಿಲೆಯ ಹಾಸಿಗೆಯಲ್ಲಿ, ಮಕ್ಕಳ ನಡುವೆ ಮಲಗಿರುವ ಶ್ರೀಮತಿ ಪೋ ನಿಮ್ಮ ಸಹಾಯ ಕೇಳುತ್ತಿದ್ದಾರೆ. ಬಹುಶಃ ಕೊನೆಯ ಸಲ ಕೇಳುತ್ತಿದ್ದಾರೆ’ ಅಂತ. ಡಿಸೆಂಬರ್ 8ಕ್ಕೆ ಹೋಗಿಬಿಟ್ಟಳು. ಹುಡುಗನಿಗೆ ಇನ್ನೂ ಮೂರು ತುಂಬಿರಲಿಲ್ಲ.

ಅಮ್ಮ ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ಅವಳದೇ ಪುಟ್ಟ ಚಿತ್ರ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ದೊಡ್ಡ ಕಣ್ಣು, ಎಳೆಯ ಮುಖ. ಪೋಗೆ ಅಮ್ಮ ಅಂದರೆ ಆ ಚಿತ್ರ ಅಷ್ಟೇ. ಅವನ ಕತೆಗಳ ಹೆಂಗಸರನ್ನು ಗಮನಿಸಿ. ಅವರಿಗೆ ಊರಿಲ್ಲ, ಅಡುಗೆಮನೆಯಿಲ್ಲ, ನೆಂಟರಿಷ್ಟರಿಲ್ಲ. ಕಣ್ಣು, ಹಲ್ಲು, ಹಣೆ, ದನಿ, ಇಷ್ಟೇ. ಲೈಜಿಯಾಳ ಅಪ್ಪನ ಮನೆ ಹೆಸರೇ ತನಗೆ ಗೊತ್ತಿಲ್ಲ ಅನ್ನುತ್ತಾನೆ ಅವಳ ಗಂಡ. ಆ ಕಣ್ಣುಗಳ ಬಗ್ಗೆ ಮಾತ್ರ ಪುಟಗಟ್ಟಲೆ ಹೇಳುತ್ತಾನೆ. ನೆನಪೇ ಇಲ್ಲದ ಒಬ್ಬಳನ್ನು ಚಿತ್ರ ನೋಡಿ ನೆನಪಿಸಿಕೊಳ್ಳುವವನ ಕಷ್ಟ ಇದು ಅಂತ ನನಗೆ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ, ಇದಕ್ಕೆ ದಾಖಲೆ ಕೇಳಬೇಡಿ.

ತಾಯಿ ಸತ್ತ ಮೇಲೆ ರಿಚ್ಮಂಡ್‌ನ ವ್ಯಾಪಾರಿ ಜಾನ್ ಅಲನ್ ಮನೆಗೆ ಬಂದ. ಅಲನ್ ಹೆಂಡತಿ ಫ್ರಾನ್ಸಿಸ್‌ಗೆ ಮಕ್ಕಳಿರಲಿಲ್ಲ, ಹುಡುಗನನ್ನು ತುಂಬಾ ಹಚ್ಚಿಕೊಂಡಳು. ಆದರೆ ಅಲನ್ ಅವನನ್ನು ಕಾನೂನು ಪ್ರಕಾರ ದತ್ತು ತೆಗೆದುಕೊಳ್ಳಲೇ ಇಲ್ಲ. ಮನೆಯಲ್ಲಿ ಮಗ, ಕಾಗದಪತ್ರದಲ್ಲಿ ಯಾರೂ ಅಲ್ಲ. 1826ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದ, ಖರ್ಚಿಗೆ ಸಾಲದಷ್ಟು ದುಡ್ಡು ಕೊಟ್ಟು. ಹುಡುಗ ಇಸ್ಪೀಟಿಗೆ ಕೂತ. ವರ್ಷ ಮುಗಿಯುವ ಹೊತ್ತಿಗೆ ಸುಮಾರು 2000 ಡಾಲರ್ ಸಾಲ. ಅಲನ್ ಕಟ್ಟಲಿಲ್ಲ, ಓದು ಅಲ್ಲಿಗೆ ನಿಂತಿತು. ಅಲ್ಲಿಂದ ಪೋ ಸುಳ್ಳು ಹೆಸರು, ಸುಳ್ಳು ವಯಸ್ಸು ಕೊಟ್ಟು ಸೈನ್ಯ ಸೇರಿದ. ಸಾಕುತಾಯಿ ಫ್ರಾನ್ಸಿಸ್ 1829ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವನು ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಆಮೇಲೆ ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಸೇರಿ ಅಲ್ಲಿಂದಲೂ ಹೊರಬಿದ್ದ. 1833ರ ಏಪ್ರಿಲ್‌ನಲ್ಲಿ ಅಲನ್‌ಗೆ ಕೊನೆಯ ಕಾಗದ ಬರೆದ. ದೇವರಾಣೆಗೂ ನನ್ನ ಮೇಲೆ ಕರುಣೆ ಇಡಿ, ಹಾಳಾಗದ ಹಾಗೆ ಕಾಪಾಡಿ ಅಂತ. ಮರುವರ್ಷ ಅಲನ್ ಸತ್ತ. ಉಯಿಲಿನಲ್ಲಿ ಇವನಿಗೆ ಬಿಡಿಗಾಸೂ ಇರಲಿಲ್ಲ.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ಬರೀ ‘ಸಾವು’ ಅಂತ ಹುಡುಕುತ್ತಾ ಹೋದವರು ಇದನ್ನು ಬಿಟ್ಟುಬಿಡುತ್ತಾರೆ. ಪೋ ಕತೆಗಳ ಮನೆಗಳನ್ನು ನೆನಪಿಸಿಕೊಳ್ಳಿ. ದೊಡ್ಡ ಮನೆ, ಹಳೇ ವಂಶ, ಒಳಗೆ ಇರುವವನಿಗೆ ನೆಮ್ಮದಿ ಇಲ್ಲ. ಅಶರ್ ಮನೆತನದಲ್ಲಿ ಕವಲು ಅನ್ನೋದೇ ಇಲ್ಲ, ಅಪ್ಪನಿಂದ ಮಗನಿಗೆ ಒಂದೇ ನೇರ ಗೆರೆ. ವಂಶವೂ ಮನೆಯೂ ಒಂದೇ ಹೆಸರು. ಕೊನೆಗೆ ಎರಡೂ ಒಟ್ಟಿಗೆ ಕೆರೆಯಲ್ಲಿ ಮುಳುಗುತ್ತವೆ. ದೊಡ್ಡ ಮನೆಯಲ್ಲಿ ಬೆಳೆದು, ಆ ಮನೆಯ ವಾರಸುದಾರ ಆಗದವನು ಬರೆದ ಕತೆ ಇದು. ಮಧ್ಯದ ‘ಅಲನ್’ ಅನ್ನೋ ಹೆಸರನ್ನೂ ಅವನು ಪೂರ್ತಿ ಬರೆಯುತ್ತಿದ್ದದ್ದು ಕಡಿಮೆ. ಸಾಮಾನ್ಯವಾಗಿ ‘ಎಡ್ಗರ್ ಎ. ಪೋ’ ಅಂತ ಸಹಿ. ನಾವು ಆ ಹೆಸರನ್ನು ಪೂರ್ತಿಯಾಗಿ ಅವನಿಗೆ ಅಂಟಿಸಿಬಿಟ್ಟಿದ್ದೇವೆ.

ಬದುಕು ನೇರವಾಗಿ ಕತೆಗೆ ಬಂದ ಕಡೆಯೂ ಇದೆ. ‘ವಿಲಿಯಂ ವಿಲ್ಸನ್’ ಓದಿ. ಚಿಕ್ಕವನಿದ್ದಾಗ ಅಲನ್ ಕುಟುಂಬದ ಜೊತೆ ಪೋ ಇಂಗ್ಲೆಂಡಿನಲ್ಲಿ ಐದು ವರ್ಷ ಇದ್ದ. ಸ್ಟೋಕ್ ನ್ಯೂಯಿಂಗ್ಟನ್ ಅನ್ನುವಲ್ಲಿ ಬ್ರಾನ್ಸ್‌ಬಿ ಅನ್ನೋ ಪಾದ್ರಿಯ ಶಾಲೆಗೆ ಹೋಗುತ್ತಿದ್ದ. ಕತೆಯಲ್ಲೂ ಶಾಲೆ ಇದೆ, ಹೆಡ್‌ಮಾಸ್ಟರ್ ಹೆಸರು ಡಾಕ್ಟರ್ ಬ್ರಾನ್ಸ್‌ಬಿ. ಕತೆಯ ನಾಯಕನಿಗೂ ಅವನ ಹೆಸರನ್ನೇ ಇಟ್ಟುಕೊಂಡ ಇನ್ನೊಬ್ಬ ಹುಡುಗನಿಗೂ ಒಂದೇ ಹುಟ್ಟುಹಬ್ಬ, ಜನವರಿ 19. ನಾಯಕ ವಿಶ್ವವಿದ್ಯಾಲಯದಲ್ಲಿ ಇಸ್ಪೀಟು ಆಡುತ್ತಾನೆ. ಇಲ್ಲಿಯವರೆಗೆ ಎಲ್ಲ ಪೋನೇ. ಆದರೆ ಒಂದು ತಿರುವು ನೋಡಿ. ನಿಜವಾಗಿ ಪೋ ಸೋತು ಸಾಲ ಮಾಡಿಕೊಂಡವನು. ಕತೆಯಲ್ಲಿ ನಾಯಕ ಎಲೆ ಬಚ್ಚಿಟ್ಟು ಮೋಸದಿಂದ ಗೆಲ್ಲುವವನು, ಇನ್ನೊಬ್ಬನನ್ನು ಬೀದಿಪಾಲು ಮಾಡುವವನು. ಪೋ ತನ್ನ ಬದುಕನ್ನು ತೆಗೆದುಕೊಂಡು, ತಾನು ಕೂತಿದ್ದ ಜಾಗದ ಎದುರಿನ ಕುರ್ಚಿಯಲ್ಲಿ ತನ್ನನ್ನು ಕೂರಿಸಿದ್ದಾನೆ. ನನಗೆ ಈ ಕತೆ ತುಂಬಾ ಇಷ್ಟವಾಗೋದು ಇದಕ್ಕೇ. ಬದುಕು ಕತೆ ಆಗುವಾಗ ಅದನ್ನು ಒಳಗಿಂದ ಹೊರಗೆ ಮಗುಚುತ್ತಾರೆ, ಅಂಗಿ ಮಗುಚಿದ ಹಾಗೆ. ಹೊಲಿಗೆ ಕಾಣಿಸುತ್ತದೆ, ಬಣ್ಣ ಮಾತ್ರ ಬೇರೆ.

ಇನ್ನು ನೋಟ್ಸ್‌ನಲ್ಲಿ ಸಾಮಾನ್ಯವಾಗಿ ಇರದ ಒಂದು ವಿಷಯ: ಹೊಟ್ಟೆಪಾಡು. ಪೋ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವನು. ಯಾವ ಕತೆ ಓಡುತ್ತದೆ, ಯಾವುದು ಓಡಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಗ ಸ್ಕಾಟ್ಲೆಂಡಿನ ಬ್ಲ್ಯಾಕ್‌ವುಡ್ಸ್ ಪತ್ರಿಕೆಯ ಭಯಾನಕ ಕತೆಗಳಿಗೆ ಭಾರಿ ಬೇಡಿಕೆ. ಚರ್ಚಿನ ಗಂಟೆಯ ಕೆಳಗೆ ಸಿಕ್ಕಿಕೊಂಡವನು, ಗೋಡೆಗಳು ಹತ್ತಿರ ಹತ್ತಿರ ಬರುವ ಸೆರೆಮನೆಯಲ್ಲಿ ಕೂತವನು, ಜೀವಂತ ಸಮಾಧಿಯಾದವನು, ಇಂಥವರೆಲ್ಲ ತಮ್ಮ ಅನುಭವ ಹೇಳಿಕೊಳ್ಳುವ ಕತೆಗಳು. ‘ಬೆರೆನಿಸ್’ ಓದಿ ಸದರ್ನ್ ಲಿಟರರಿ ಮೆಸೆಂಜರ್ ಪತ್ರಿಕೆಯ ಮಾಲೀಕ ಥಾಮಸ್ ವೈಟ್ ಗೊಣಗಿದ. ಅದಕ್ಕೆ 1835ರ ಏಪ್ರಿಲ್ 30ರಂದು ಪೋ ಬರೆದ ಉತ್ತರ ಓದಿದರೆ ನಿಮ್ಮ ನೋಟ್ಸ್ ಅರ್ಧ ಉದುರಿಹೋಗುತ್ತದೆ. ವಿಷಯ ಅತಿಯಾಯ್ತು, ಒಪ್ಪುತ್ತೇನೆ ಅನ್ನುತ್ತಾನೆ. ಇಂಥ ವಿಚಿತ್ರ ವಿಷಯವನ್ನು ಗಂಭೀರವಾಗಿ ಬರೆದು ಗೆಲ್ಲೋಕೆ ಆಗಲ್ಲ ಅಂತ ಒಂದು ಪಂದ್ಯ ಇತ್ತು, ಅದರಿಂದ ಈ ಕತೆ ಹುಟ್ಟಿತು ಅನ್ನುತ್ತಾನೆ. ಆಮೇಲೆ ಪಾಠ ಶುರು. ಹೆಸರು ಮಾಡಿದ ಪತ್ರಿಕೆಗಳೆಲ್ಲ ಇಂಥ ಬರಹದಿಂದಲೇ ಹೆಸರು ಮಾಡಿದವು, ಮೆಚ್ಚಬೇಕಾದರೆ ಮೊದಲು ಜನ ಓದಬೇಕಲ್ಲ ಅಂತ ಮಾಲೀಕನಿಗೇ ವ್ಯಾಪಾರ ಹೇಳಿಕೊಡುತ್ತಾನೆ. ಆಗ ಅವನಿಗೆ 26 ವರ್ಷ.

ಹುಚ್ಚು ಹಿಡಿದು ಬರೆದವನ ಮಾತಾ ಇದು? ಅಲ್ವಲ್ಲ.

1838ರಲ್ಲಿ ಬ್ಲ್ಯಾಕ್‌ವುಡ್ಸ್ ಶೈಲಿಯನ್ನೇ ಗೇಲಿ ಮಾಡಿ ಒಂದು ಕತೆ ಬರೆದ. ಅದರಲ್ಲಿ ಸಂಪಾದಕ ಹೊಸ ಲೇಖಕಿಗೆ ಬುದ್ಧಿ ಹೇಳುತ್ತಾನೆ. ನೀವು ಎಂದಾದರೂ ನೀರಲ್ಲಿ ಮುಳುಗಿದರೆ ಅಥವಾ ನಿಮ್ಮನ್ನು ನೇಣಿಗೆ ಹಾಕಿದರೆ, ಆಗ ಏನೇನು ಅನ್ನಿಸಿತು ಅಂತ ಮರೆಯದೆ ಬರೆದಿಟ್ಟುಕೊಳ್ಳಿ, ಹಾಳೆಗೆ ಹತ್ತು ಗಿನಿ (ಆಗಿನ ಬ್ರಿಟಿಷ್ ಹಣ) ಸಿಗುತ್ತದೆ! ನಿಮ್ಮ ಪ್ರಶ್ನೆಯನ್ನು ಪೋ ಆಗಲೇ ಕೇಳಿಸಿಕೊಂಡು ನಕ್ಕಿದ್ದಾನೆ ನೋಡಿ. ಅವನಿಗೆ ಮಾತ್ರ ಹತ್ತು ಗಿನಿ ಸಿಗಲಿಲ್ಲ, ಪಾಪ. ‘ದಿ ಟೆಲ್‌ಟೇಲ್ ಹಾರ್ಟ್’ಗೆ ಬಂದದ್ದು 10 ಡಾಲರ್. 1840ರ ಎರಡು ಸಂಪುಟದ ಕಥಾಸಂಕಲನಕ್ಕೆ ದುಡ್ಡೇ ಇಲ್ಲ, ಕೆಲವು ಪ್ರತಿ ಕೊಟ್ಟು ಕಳಿಸಿದರು.

ಹಾಗಂತ ಎಲ್ಲ ಬರೀ ಕಸುಬು, ಬದುಕಿಗೂ ಕತೆಗೂ ಸಂಬಂಧವೇ ಇಲ್ಲ ಅಂತ ಹೇಳುವುದೂ ತಪ್ಪು. ಈಗ 1842ಕ್ಕೆ ಬನ್ನಿ. ನನ್ನ ಮಟ್ಟಿಗೆ ಇಡೀ ವಿಷಯ ಇರುವುದೇ ಆ ವರ್ಷದಲ್ಲಿ.

ಆಗ ಅವರಿದ್ದದ್ದು ಫಿಲಡೆಲ್ಫಿಯಾದಲ್ಲಿ. ಪೋ ಗ್ರಹಾಮ್ಸ್ ಮ್ಯಾಗಜೀನ್‌ನ ಸಂಪಾದಕ. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದ ಕಾಲ. ಜನವರಿಯ ಒಂದು ದಿನ ವರ್ಜೀನಿಯಾ ಹಾಡುತ್ತಿದ್ದಾಗ ಬಾಯಿಂದ ರಕ್ತ ಬಂತು. ಆಮೇಲೆ ಐದು ವರ್ಷ ಅದೇ ಪಾಡು. ಹೋದಳು ಅನ್ನುವಷ್ಟರಲ್ಲಿ ಚೇತರಿಸಿಕೊಳ್ಳುತ್ತಾಳೆ, ಚೇತರಿಸಿಕೊಂಡಳು ಅನ್ನುವಷ್ಟರಲ್ಲಿ ಮತ್ತೆ ರಕ್ತ. ಪತ್ರಿಕೆಯ ಮಾಲೀಕ ಜಾರ್ಜ್ ಗ್ರಹಾಮ್ ಮುಂದೆ ನೆನಪಿಸಿಕೊಂಡಿದ್ದಾನೆ. ಚೊಚ್ಚಲ ಮಗುವಿನ ಸುತ್ತ ತಾಯಿ ಸುಳಿಯುವ ಹಾಗೆ ಪೋ ಅವಳ ಸುತ್ತ ಸುಳಿಯುತ್ತಿದ್ದ, ಅವಳು ಸ್ವಲ್ಪ ಕೆಮ್ಮಿದರೂ ಇವನ ಮೈ ನಡುಗುವುದು ಕಣ್ಣಿಗೆ ಕಾಣುತ್ತಿತ್ತು ಅಂತ. ಅವಳು ಮಲಗುತ್ತಿದ್ದ ಕೋಣೆ ತೀರಾ ಇಕ್ಕಟ್ಟು, ಸೂರು ತಲೆಗೆ ತಾಗುವಷ್ಟು ತಗ್ಗು ಅಂತಲೂ ಒಬ್ಬರು ಬರೆದಿಟ್ಟಿದ್ದಾರೆ. ಆದರೆ ಅದನ್ನು ಪೋ ಮುಂದೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲವಂತೆ.

1848ರ ಜನವರಿಯಲ್ಲಿ, ಅವಳು ಸತ್ತು ವರ್ಷ ಆಗುತ್ತಾ ಬಂದಾಗ, ಒಬ್ಬ ಓದುಗನಿಗೆ ಪೋ ಕಾಗದ ಬರೆಯುತ್ತಾನೆ. ಅವಳು ಸಾಯುತ್ತಾಳೆ ಅಂದಾಗ ಬೀಳ್ಕೊಟ್ಟೆ, ಆ ಸಂಕಟ ಎಲ್ಲ ಅನುಭವಿಸಿದೆ. ಮತ್ತೆ ಉಳಿದಳು, ಮತ್ತೆ ಆಸೆ. ವರ್ಷದ ಮೇಲೆ ಮತ್ತೆ ಅದೇ. ಮತ್ತೆ, ಮತ್ತೆ, ಮತ್ತೆ. ನನ್ನನ್ನು ಹಾಳು ಮಾಡಿದ್ದು ಅವಳ ಸಾವಲ್ಲ, ಆಸೆಗೂ ನಿರಾಸೆಗೂ ನಡುವಿನ ಈ ಮುಗಿಯದ ತೂಗಾಟ ಅನ್ನುತ್ತಾನೆ. ಶತ್ರುಗಳು ಕುಡಿತದಿಂದ ಹುಚ್ಚು ಬಂತು ಅಂದರು, ನಿಜವಾಗಿ ಹುಚ್ಚಿನಿಂದ ಕುಡಿತ ಬಂತು ಅಂತಲೂ ಇದೇ ಕಾಗದದಲ್ಲಿದೆ.

‘ತೂಗಾಟ’ ಅನ್ನುವ ಆ ಮಾತನ್ನು ಹಿಡಿದುಕೊಳ್ಳಿ. 1842ರಲ್ಲೇ ಅವನು ‘ದಿ ಪಿಟ್ ಅಂಡ್ ದಿ ಪೆಂಡ್ಯುಲಮ್’ ಬರೆದ. ಕತ್ತಲಕೋಣೆಯಲ್ಲಿ ಒಬ್ಬನನ್ನು ಕಟ್ಟಿ ಮಲಗಿಸಿದ್ದಾರೆ. ಸೂರಿನಿಂದ ಹರಿತವಾದ ಲೋಲಕವೊಂದು ಅತ್ತಿಂದಿತ್ತ ತೂಗುತ್ತಾ, ತೂಗುತ್ತಾ, ಒಂದೊಂದೇ ಇಂಚು ಕೆಳಗಿಳಿಯುತ್ತದೆ. ಎದೆಗೆ ತಾಗುವುದು ಯಾವಾಗ ಅಂತ ಅವನು ಎಣಿಸುತ್ತಾ ಮಲಗಿದ್ದಾನೆ. ಈ ಕತೆಯಲ್ಲಿ ಹೆಂಗಸಿಲ್ಲ, ಕಾಯಿಲೆಯಿಲ್ಲ. ನಡೆಯುವುದು ಸ್ಪೇನಿನಲ್ಲಿ, ಪಾದ್ರಿಗಳ ವಿಚಾರಣಾ ಸೆರೆಮನೆಯಲ್ಲಿ. ಸಾಮಗ್ರಿಯೂ ಬ್ಲ್ಯಾಕ್‌ವುಡ್ಸ್ ಕಡೆಯದೇ. ಆದರೂ ಪೋ ಮನೆಯ ಆ ವರ್ಷ ಹೇಗಿತ್ತು ಅಂತ ತಿಳಿಯಬೇಕಾದರೆ ನಾನು ‘ಲೈಜಿಯಾ’ ಓದು ಅನ್ನಲ್ಲ, ಇದನ್ನು ಓದು ಅನ್ನುತ್ತೇನೆ. ಸಾವಿಗಿಂತ ಕಾಯುವುದು ಇಲ್ಲಿ ಭಯಂಕರ. (ತಗ್ಗು ಸೂರಿನ ಆ ಕೋಣೆಯನ್ನೂ ಲೋಲಕವನ್ನೂ ಗಂಟು ಹಾಕಬೇಡಿ ಮತ್ತೆ. ನನಗೂ ಆಸೆ ಆಗುತ್ತದೆ, ಆದರೆ ಅಷ್ಟು ಸಲೀಸಾಗಿ ಸಿಕ್ಕಿದ್ದನ್ನು ನಂಬಬಾರದು.)

ಅದೇ ವರ್ಷ ಮೇ ತಿಂಗಳ ಗ್ರಹಾಮ್ಸ್‌ನಲ್ಲಿ ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ ಬಂತು. ಊರೆಲ್ಲ ಪಿಡುಗು. ರಾಜಕುಮಾರ ಸಾವಿರ ಜನ ಗೆಳೆಯರನ್ನು ಕರೆದುಕೊಂಡು ಮಠದೊಳಗೆ ಸೇರಿ ಬಾಗಿಲು ಬೆಸೆಸಿಬಿಡುತ್ತಾನೆ. ಒಳಗೆ ಕುಣಿತ. ಆ ಪಿಡುಗಿನ ಗುರುತು ರಕ್ತ. ರೋಮರೋಮದಿಂದ ರಕ್ತ ಸುರಿಯುತ್ತದೆ, ಮುಖದ ಮೇಲೆ ಕೆಂಪು ಕಲೆ. ಮನೆಯೊಳಗೆ ರಕ್ತ ಕಂಡು ನಾಲ್ಕು ತಿಂಗಳಾಗಿತ್ತು. ಇಲ್ಲಿ ಸಂಬಂಧ ಇಲ್ಲ ಅಂದರೆ ಕಣ್ಣು ಮುಚ್ಚಿಕೊಂಡ ಹಾಗೆ. ಆದರೆ ಅದೇ ಸಂಚಿಕೆಯ ಇನ್ನೊಂದು ಪುಟ ತಿರುಗಿಸಿದರೆ ಹಾಥಾರ್ನ್ ಅನ್ನುವ ಇನ್ನೊಬ್ಬ ಅಮೆರಿಕನ್ ಲೇಖಕನ ಕತೆಗಳ ಬಗ್ಗೆ ಪೋ ಬರೆದ ವಿಮರ್ಶೆ ಇದೆ. ಓದುಗನ ಮೇಲೆ ಒಂದೇ ಒಂದು ಪರಿಣಾಮ ಏನು ಅಂತ ಮೊದಲು ತೀರ್ಮಾನ ಮಾಡಬೇಕು, ಆಮೇಲೆ ಅದಕ್ಕೆ ತಕ್ಕ ಘಟನೆ ಕಟ್ಟಬೇಕು, ಮೊದಲ ವಾಕ್ಯವೇ ಆ ಕಡೆ ಎಳೆಯದಿದ್ದರೆ ಮೊದಲ ಹೆಜ್ಜೆಯಲ್ಲೇ ಸೋತ ಹಾಗೆ ಅನ್ನುತ್ತಾನೆ. ಎದೆ ಒಡೆದುಕೊಂಡವನೂ ಲೆಕ್ಕಾಚಾರದವನೂ ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕ ಕೂತಿದ್ದಾರೆ. ಇಬ್ಬರಲ್ಲಿ ಒಬ್ಬನನ್ನು ಮಾತ್ರ ನೋಡಿದರೆ ಪೋ ಸಿಗಲ್ಲ.

1842ರ ಆಚೆ ಈಚೆ ಒಂದು ಬದಲಾವಣೆಯೂ ಆಗಿದೆ. ಇದು ನಾನು ಗಮನಿಸಿದ್ದು, ನೀವು ಒಪ್ಪಲೇಬೇಕು ಅಂತಿಲ್ಲ. ಮೊದಲಿನ ಕತೆಗಳಲ್ಲಿ ಹೆಂಗಸರು ಸಾಯುತ್ತಾರೆ, ಮರಳಿ ಬರುತ್ತಾರೆ. ಗಂಡಸು ಬೆಚ್ಚಿ ನೋಡುತ್ತಾ ನಿಲ್ಲುತ್ತಾನೆ. ಆಮೇಲಿನ ಕತೆಗಳಲ್ಲಿ ಗಂಡಸೇ ಕೊಲ್ಲುತ್ತಾನೆ. 1843ರ ‘ದಿ ಟೆಲ್‌ಟೇಲ್ ಹಾರ್ಟ್’ನಲ್ಲಿ ಮುದುಕನನ್ನು ಕೊಂದು ನೆಲದ ಹಲಗೆ ಕೆಳಗೆ ಇಡುತ್ತಾನೆ. ಅದೇ ವರ್ಷದ ‘ದಿ ಬ್ಲ್ಯಾಕ್ ಕ್ಯಾಟ್’ನಲ್ಲಿ ಕುಡುಕ ಗಂಡ ಹೆಂಡತಿಗೆ ಕೊಡಲಿ ಬೀಸಿ ಗೋಡೆಯೊಳಗೆ ಸೇರಿಸಿ ಗಾರೆ ಮಾಡುತ್ತಾನೆ. ಇಬ್ಬರೂ ತಾವೇ ಬಾಯಿಬಿಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. ಹೆಂಡತಿ ನಿಜವಾಗಿ ಸಾಯುತ್ತಿರುವಾಗ, ಸಾಯುವ ಹೆಂಡತಿಯ ಕತೆ ಬರೆಯೋದು ಕಷ್ಟ ಆಯಿತೇನೋ. ಕಾಯುತ್ತಾ ಕೂತವನ ಮನಸ್ಸಿನಲ್ಲಿ ಮೂಡುವ ಇನ್ನೊಂದು ಯೋಚನೆ, ಯಾರೂ ಬಾಯಿಬಿಟ್ಟು ಹೇಳದ ಯೋಚನೆ, ಈ ಕಂಬಿ ಎಣಿಸುವ ಕತೆಗಾರರ ಬಾಯಲ್ಲಿ ಬಂದಿರಬಹುದು. ಅಂದ ಹಾಗೆ ಪೋ ಮನೆಯಲ್ಲಿ ಬೆಕ್ಕು ಇತ್ತು. ಅದನ್ನು ಕಂಡರೆ ಎಲ್ಲರಿಗೂ ಮುದ್ದು.

ಕುಡಿತದ ವಿಷಯ ಬೇಗ ಮುಗಿಸುತ್ತೇನೆ. ಕುಡಿಯುತ್ತಿದ್ದ, ಅದು ಸುಳ್ಳಲ್ಲ. ಬೆಳಗಿನ ತಿಂಡಿಗೆ ಮುಂಚೆ ಕುಡಿಯುವವನಿಗೆ ಉಳಿಗಾಲವಿಲ್ಲ ಅಂತ ವೈಟ್ 1835ರಲ್ಲೇ ಕಾಗದ ಬರೆದು ಎಚ್ಚರಿಸಿದ್ದ. ಸ್ವಲ್ಪ ಕುಡಿದರೂ ತಡೆಯದ ಮೈ. ಆದರೆ ತಿಂಗಳುಗಟ್ಟಲೆ ಮುಟ್ಟದೇ ಇದ್ದದ್ದೂ ಉಂಟು. ಸಾಯುವ ವರ್ಷ ಮದ್ಯಪಾನ ಬಿಡಿಸುವ ಸಂಘಕ್ಕೂ ಸೇರಿದ್ದ. ಅಫೀಮು? ಅವನ ಕತೆಗಳ ನಾಯಕರು ಅಫೀಮು ಸೇವಿಸುತ್ತಾರೆ. ಪೋಗೆ ಆ ಚಟ ಇತ್ತಾ ಅನ್ನೋದಕ್ಕೆ ಥಾಮಸ್ ಡನ್ ಇಂಗ್ಲಿಷ್ ಅನ್ನುವವನ ಸಾಕ್ಷಿ ಸಾಕು. ಅವನು ಡಾಕ್ಟರು. ಪೋ ಕಂಡರೆ ಆಗದವನು. 1846ರಲ್ಲಿ ಇವನು ಬರೆದದ್ದನ್ನು ಅಚ್ಚು ಹಾಕಿದ ಪತ್ರಿಕೆಯ ಮೇಲೆ ಪೋ ಮಾನನಷ್ಟ ಮೊಕದ್ದಮೆ ಹೂಡಿ 225 ಡಾಲರ್ ಗೆದ್ದ. ಅಂಥ ಹಗೆಯೇ ಮುಂದೆ ಹೇಳಿದ್ದಾನೆ: ಆ ಚಟ ಇದ್ದಿದ್ದರೆ ನನಗೆ ಗೊತ್ತಾಗದೆ ಇರುತ್ತಿರಲಿಲ್ಲ, ಅದು ಸುಮ್ನೆ ಹಬ್ಬಿಸಿದ ಅಪವಾದ. ಕೈಬರಹ ನೋಡಿದರೂ ಸಾಕು. ಸಣ್ಣ, ಒಪ್ಪವಾದ ಅಕ್ಷರ. ಕಿರಿದಾದ ಹಾಳೆಗಳನ್ನು ಒಂದರ ತುದಿಗೆ ಒಂದು ಅಂಟಿಸಿ ಸುರುಳಿ ಸುತ್ತಿ ಪತ್ರಿಕೆಗೆ ಕೊಡುತ್ತಿದ್ದ.

ಹಾಗಾದರೆ ಅಫೀಮು ತಿನ್ನುವ, ಹುಚ್ಚು ಹಿಡಿದ, ಕೊಳೆತ ಮನಸ್ಸಿನ ಪೋ ಎಲ್ಲಿಂದ ಬಂದ? ನಿಮ್ಮ ನೋಟ್ಸ್‌ನ ಮೂಲ ಇಲ್ಲಿದೆ. ಪೋ 1849ರ ಅಕ್ಟೋಬರ್ 7ರಂದು ಬಾಲ್ಟಿಮೋರ್‌ನಲ್ಲಿ ಸತ್ತ, 40ನೇ ವಯಸ್ಸಿನಲ್ಲಿ. ನಾಲ್ಕು ದಿನ ಮುಂಚೆ, ಚುನಾವಣೆಯ ದಿನ, ಮತಗಟ್ಟೆ ಆಗಿದ್ದ ಒಂದು ಹೆಂಡದಂಗಡಿಯಲ್ಲಿ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಸಿಕ್ಕಿದ್ದ. ಮೈಮೇಲೆ ಇದ್ದದ್ದು ಯಾರದೋ ಬಟ್ಟೆ. ಅಕ್ಟೋಬರ್ 9ರ ನ್ಯೂಯಾರ್ಕ್ ಟ್ರಿಬ್ಯೂನ್‌ನಲ್ಲಿ ‘ಲುಡ್ವಿಗ್’ ಅನ್ನುವ ಹೆಸರಿನಲ್ಲಿ ಒಂದು ನಿಧನವಾರ್ತೆ ಬಂತು. ಎಡ್ಗರ್ ಅಲನ್ ಪೋ ಸತ್ತ, ಸುದ್ದಿ ಕೇಳಿ ಹಲವರು ಬೆಚ್ಚಿಯಾರು, ಅಳುವವರು ಮಾತ್ರ ಕಡಿಮೆ ಅಂತ ಅದರ ಧಾಟಿ. ಲುಡ್ವಿಗ್ ಅಂದರೆ ರೂಫಸ್ ಗ್ರಿಸ್ವಾಲ್ಡ್, ಪೋ ಮೇಲೆ ಹಳೇ ಹಗೆ ಇದ್ದ ಸಂಪಾದಕ. ಸತ್ತವನ ಸ್ವಭಾವ ಬಣ್ಣಿಸಲು ಅವನು ಒಂದು ಇಂಗ್ಲಿಷ್ ಕಾದಂಬರಿಯ ಪಾತ್ರದ ವರ್ಣನೆಯನ್ನೇ ತಂದು ಹಾಕಿದ. ಮರುವರ್ಷ ಪೋ ಕೃತಿಗಳ ಜೊತೆ ಅವನ ಜೀವನ ಚರಿತ್ರೆ ಬರೆದ, ಕಾಗದಗಳನ್ನು ತಿದ್ದಿ, ಇಲ್ಲದ್ದನ್ನು ಸೇರಿಸಿ. ಗ್ರಹಾಮ್ ಮೊದಲಾದ ಗೆಳೆಯರು ಆಗಲೇ ಕೂಗಾಡಿದರು, ಯಾರೂ ಕೇಳಲಿಲ್ಲ. ಆರ್ಥರ್ ಹಾಬ್ಸನ್ ಕ್ವಿನ್ ಅನ್ನುವ ವಿದ್ವಾಂಸ ಮೂಲ ಕಾಗದಗಳ ಜೊತೆ ಹೋಲಿಸಿ ಈ ಕೈಚಳಕವನ್ನು ಪೂರ್ತಿ ಬಯಲು ಮಾಡಿದ್ದು 1941ರಲ್ಲಿ. ತೊಂಬತ್ತು ವರ್ಷ ಜನ ನಂಬಿದ್ದು ಗ್ರಿಸ್ವಾಲ್ಡ್‌ನನ್ನು.

ಯಾಕೆ ನಂಬಿದರು ಗೊತ್ತಾ? ಗ್ರಿಸ್ವಾಲ್ಡ್ ಕಟ್ಟಿದ ಪೋ, ಪೋ ಕತೆಗಳ ನಾಯಕನ ಹಾಗೇ ಇದ್ದ. ಅಶರ್ ಮನೆಯಿಂದ ಎದ್ದು ಬಂದವನ ಹಾಗೆ. ಕತೆ ಓದಿದವರಿಗೆ ‘ಹೌದೌದು, ಹೀಗೇ ಇರಬೇಕು’ ಅನ್ನಿಸಿತು. ಅಂದರೆ ಕತೆಯಿಂದ ಬದುಕನ್ನು ಬರೆದು, ಆ ಬದುಕಿನಿಂದ ಕತೆಯನ್ನು ವಿವರಿಸುತ್ತಾ ಬಂದಿದ್ದೇವೆ. ಆದ ಮೇಲೆ ಜಾತಕ ಬರೆದು, ಜಾತಕದಲ್ಲಿ ಇತ್ತು ಅನ್ನುವ ಜೋಯಿಸರ ಹಾಗೆ.

ನೀವು ಪರೀಕ್ಷೆಗೆ ಒಂದು ಕತೆಯನ್ನು ಹತ್ತಿರದಿಂದ ಓದಿ ಬರೆಯುವುದಾದರೆ ‘ದಿ ಓವಲ್ ಪೋರ್ಟ್ರೇಟ್’ ತೆಗೆದುಕೊಳ್ಳಿ. ಎರಡು ಮೂರು ಪುಟ, ಅಷ್ಟೇ. 1842ರ ಏಪ್ರಿಲ್‌ನಲ್ಲಿ, ಆ ರಕ್ತ ಕಂಡ ಮೂರೇ ತಿಂಗಳಿಗೆ, ಬೇರೆ ಹೆಸರಿನಲ್ಲಿ ಬಂತು. ಒಬ್ಬ ಚಿತ್ರಕಾರ, ಎಳೆಯ ಹೆಂಡತಿ. ಅವಳಿಗೆ ಸವತಿ ಅಂದರೆ ಅವನ ಕಲೆ. ಅವನು ಕೇಳಿದ ಅಂತ ಗೋಪುರದ ಕೋಣೆಯಲ್ಲಿ ವಾರಗಟ್ಟಲೆ ಸುಮ್ಮನೆ ಕೂರುತ್ತಾಳೆ. ಬೆಳಕು ಬರುವುದು ಮೇಲಿಂದ ಮಾತ್ರ. ಅವನು ಬರೆಯುತ್ತಾನೆ. ಬಟ್ಟೆಯ ಮೇಲೆ ತಾನು ಹಚ್ಚುತ್ತಿರುವ ಬಣ್ಣ ಪಕ್ಕದಲ್ಲಿ ಕೂತವಳ ಕೆನ್ನೆಯಿಂದ ಬರುತ್ತಿದೆ ಅಂತ ಅವನಿಗೆ ಕಾಣಿಸಲ್ಲ. ಕೊನೆಗೆ ತುಟಿಗೆ ಒಂದು ಗೀಟು, ಕಣ್ಣಿಗೆ ಒಂದು ಚುಕ್ಕೆ ಇಟ್ಟು, ‘ಇದು ಜೀವವೇ ಸರಿ!’ ಅಂತ ಕೂಗುತ್ತಾನೆ. ಹೆಂಡತಿ ಕಡೆ ತಿರುಗಿ ನೋಡುತ್ತಾನೆ. ಅವಳು ಸತ್ತಿದ್ದಾಳೆ.

ಮೊದಲ ಸಲ ಅಚ್ಚಾದಾಗ ಇದರ ಶುರುವಿನಲ್ಲಿ ಅಫೀಮಿನ ದೊಡ್ಡ ವಿವರಣೆ ಇತ್ತು. 1845ರಲ್ಲಿ ಈಗಿನ ಹೆಸರಿಟ್ಟು ಮತ್ತೆ ಅಚ್ಚು ಹಾಕಿಸುವಾಗ ಪೋ ಅದನ್ನು ಕತ್ತರಿಸಿ ಬಿಸಾಕಿದ. ನೋಡಿದವನು ಅಮಲಿನಲ್ಲಿದ್ದ ಅನ್ನುವ ನೆಪ ಓದುಗನಿಗೆ ಸಿಗಬಾರದು ಅಂತ ಇರಬೇಕು.

ಎರಡು ವರ್ಷದ ಮೇಲೆ, ನ್ಯೂಯಾರ್ಕ್ ಹತ್ತಿರದ ಫೋರ್ಡಮ್‌ನ ಪುಟ್ಟ ಮನೆಯಲ್ಲಿ, ವರ್ಜೀನಿಯಾ ಹುಲ್ಲಿನ ಹಾಸಿಗೆ ಮೇಲೆ ಮಲಗಿದ್ದಳು. ಚಳಿಗಾಲ, ಹೊದೆಯಲು ಸಾಕಷ್ಟು ಬಟ್ಟೆ ಇಲ್ಲ. ಪೋನ ಹಳೇ ಕೋಟನ್ನು ಮೇಲೆ ಹೊದಿಸಿದ್ದರು. ಎದೆಯ ಮೇಲೆ ಬೆಕ್ಕು ಮಲಗಿ ಅಷ್ಟಿಷ್ಟು ಬೆಚ್ಚಗೆ ಮಾಡುತ್ತಿತ್ತು. ಪೋ ಅವಳ ಕೈ ಹಿಡಿದಿದ್ದ, ತಾಯಿ ಪಾದ ಹಿಡಿದಿದ್ದಳು. ನೋಡಲು ಹೋದ ಮೇರಿ ಗೋವ್ ಅನ್ನುವ ಲೇಖಕಿ ಇದನ್ನು ಬರೆದಿಟ್ಟಿದ್ದಾಳೆ. ವರ್ಜೀನಿಯಾ ಸತ್ತ ಮೇಲೆ, ಅವಳದು ಅಂತ ಒಂದು ಚಿತ್ರವೂ ಇಲ್ಲ ಅನ್ನುವುದು ಮನೆಯವರಿಗೆ ಹೊಳೆಯಿತು. ಆತುರಾತುರವಾಗಿ ಜಲವರ್ಣದಲ್ಲಿ ಒಂದು ಬರೆಸಿದರು. ವರ್ಜೀನಿಯಾಳದ್ದು ಅಂತ ಖಚಿತವಾಗಿ ಹೇಳಬಹುದಾದ ಚಿತ್ರ ಇವತ್ತಿಗೂ ಅದೊಂದೇ.